ಹಳೆ ನಾಣ್ಯಕ್ಕೆ ಲಕ್ಷ ರೂಪಾಯಿ ಎಂಬ ಆಮಿಷ

ಕೇಳುಗರಿಗೆ ನಮಸ್ಕಾರ.

2012ರಲ್ಲಿ ಬಂದ, ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ ನಾಣ್ಯ. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು. ಕ್ರಮಸಂಖ್ಯೆ 786ರಲ್ಲಿ ಮುಗಿಯುವ ಯಾವುದೋ ನೋಟು. ಇವುಗಳಲ್ಲಿ ಒಂದಾದರೂ ನಿಮ್ಮ ಮನೆಯ ಡಬ್ಬಿಯಲ್ಲೋ ಬೀರುವಿನಲ್ಲೋ ಇದ್ದೀತು. ಅದನ್ನೇ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತೇವೆ ಎನ್ನುವ ಜಾಹೀರಾತುಗಳು ಮೊಬೈಲಿಗೆ ಬರುತ್ತಲೇ ಇವೆ. ಮಾರಾಟದ ತಾಣದಲ್ಲಿ ನೀವಾಗಿ ಫೋಟೊ ಹಾಕಿದರೂ ಅಷ್ಟೆ, ಹುಡುಕಿಕೊಂಡು ಫೋನು ಮಾಡುತ್ತಾರೆ.

ಹಾಗೆ ಫೋನು ಮಾಡಿದವರು ಚೌಕಾಸಿ ಮಾಡುವುದಿಲ್ಲ. ಅನುಮಾನ ಹುಟ್ಟಬೇಕಾದದ್ದು ಅಲ್ಲೇ. ನಿಜವಾದ ಸಂಗ್ರಾಹಕರು ಮೊದಲು ನಾಣ್ಯದ ಎರಡೂ ಮುಖ ತೋರಿಸಿ ಎನ್ನುತ್ತಾರೆ. ಎಷ್ಟು ಸವೆದಿದೆ, ಹುಣಸೆಹಣ್ಣು ಹಾಕಿ ಉಜ್ಜಿದ್ದೀರಾ ಎಂದು ವಿಚಾರಿಸುತ್ತಾರೆ. ಉಜ್ಜಿದ ನಾಣ್ಯಕ್ಕೆ ಅವರಲ್ಲಿ ಬೆಲೆ ಕಡಿಮೆ. ಇಸವಿಯ ಕೆಳಗಿನ ಟಂಕಸಾಲೆಯ ಗುರುತನ್ನು ನೋಡುತ್ತಾರೆ: ಮುಂಬೈಯದಾದರೆ ವಜ್ರಾಕೃತಿ, ಹೈದರಾಬಾದಿನದಾದರೆ ನಕ್ಷತ್ರ, ನೋಯ್ಡಾದ್ದಾದರೆ ಚುಕ್ಕಿ, ಕೋಲ್ಕತ್ತದ್ದಾದರೆ ಗುರುತೇ ಇರುವುದಿಲ್ಲ. ಮೋಸಗಾರನಿಗೆ ಇದು ಯಾವುದೂ ಬೇಡ. ಅವನ ಕಣ್ಣಿರುವುದು ನಿಮ್ಮ ಬ್ಯಾಂಕ್ ಖಾತೆಯ ಮೇಲೆ.

ಮೊದಲು ನೋಂದಣಿ ಶುಲ್ಕವೆಂದು ಕೆಲವು ನೂರು ಕೇಳುತ್ತಾನೆ. ಆಮೇಲೆ ಜಿಎಸ್‌ಟಿ. ಆಮೇಲೆ ರಿಸರ್ವ್ ಬ್ಯಾಂಕಿನ ಅನುಮತಿ ಪತ್ರ. ಅದಕ್ಕೆ ಮುದ್ರೆ, ಲಾಂಛನ, ಸಹಿ ಎಲ್ಲ ಇರುತ್ತದೆ. ಈಗಾಗಲೇ ಕಟ್ಟಿದ್ದು ಕೈಬಿಟ್ಟುಹೋಗುತ್ತದಲ್ಲ ಎಂಬ ಅಳುಕಿನಲ್ಲೇ ಮನುಷ್ಯ ಮುಂದಿನ ಕಂತನ್ನೂ ಕಟ್ಟುತ್ತಾನೆ. ಹಣ ಹಾಕುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎನ್ನುವವರೂ ಇದ್ದಾರೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದು ನಿಮ್ಮ ಖಾತೆಯಿಂದ.

ಹಳೆ ನೋಟು, ನಾಣ್ಯಗಳ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ತನ್ನ ಹೆಸರಿನಲ್ಲಿ ವಸೂಲಿ ಮಾಡಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದೇ ಪ್ರಕಟಣೆ ಹೊರಡಿಸಿದೆ.

ಕೊಳ್ಳುವವರಿಗೂ ಬಲೆಯಿದೆ. ರಾಮ, ಸೀತೆ, ಹನುಮಂತರ ಚಿತ್ರದ ದಪ್ಪ ತಾಮ್ರದ ಬಿಲ್ಲೆಗಳನ್ನು 1818ರ ಈಸ್ಟ್ ಇಂಡಿಯಾ ಕಂಪನಿಯ ಅರ್ಧ ಆಣೆ ಎಂದು ಮಾರುತ್ತಾರೆ. ಕಂಪನಿ ಅಂಥ ನಾಣ್ಯ ಹೊರಡಿಸಿರಲಿಲ್ಲ. ಅವು ಈಚೆಗೆ ಮಾಡಿದ ಬಿಲ್ಲೆಗಳು. ಇವನ್ನೇ ಅಕ್ಕಿ ಸೆಳೆಯುವ ಶಕ್ತಿಯುಳ್ಳವೆಂದು ನಂಬಿಸಿ ದುಡ್ಡು ಕೀಳುವ ರೈಸ್ ಪುಲ್ಲಿಂಗ್ ದಂಧೆ ನಮ್ಮಲ್ಲೂ ನಡೆದಿದೆ.

ಮೋಸಹೋದವರನ್ನು ದುರಾಸೆಯವರು ಎಂದು ಹಳಿಯುವುದನ್ನು ನಾನು ಒಪ್ಪುವುದಿಲ್ಲ. ಮಗಳ ಮದುವೆಯ ಸಾಲವೋ ಆಸ್ಪತ್ರೆಯ ಖರ್ಚೋ ತಲೆಯ ಮೇಲಿರುವಾಗ, ಅಪ್ಪ ಕೂಡಿಟ್ಟ ನಾಣ್ಯ ಕೈಹಿಡಿದೀತೆಂದು ನಂಬುವುದು ತಪ್ಪಲ್ಲ. ಆ ನಂಬಿಕೆಯನ್ನು ಸುಲಿಯುವವನು ಅಪರಾಧಿ. ಮನೆಯವರು ಬೈದಾರೆಂಬ ಹೆದರಿಕೆಯಲ್ಲಿ ಹಿರಿಯರು ಬಾಯಿಬಿಡದೆ ಉಳಿಯುವುದೇ ಅವನಿಗೆ ಬೇಕಾದದ್ದು.

ಹಣ ಹೋಗಿದೆ ಎಂದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೂ ಅವನ ಖಾತೆಯಲ್ಲಿದ್ದರೆ ತಡೆಹಿಡಿಯಬಹುದು. ತಡವಾದಷ್ಟೂ ಅದು ಬೇರೆ ಬೇರೆ ಖಾತೆಗಳಿಗೆ ಹಂಚಿಹೋಗುತ್ತದೆ. ಬ್ಯಾಂಕಿಗೂ ತಿಳಿಸಿ. ಅವನ ಸಂದೇಶಗಳನ್ನು, ಕಳಿಸಿದ ನಕಲಿ ಪತ್ರವನ್ನು ಅಳಿಸಬೇಡಿ. ಅವನ್ನೂ ಹಣ ಹೋದ ವಿವರವನ್ನೂ ಹಿಡಿದು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ನಿಮ್ಮ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.

ನಮಸ್ಕಾರ.