ಕೋಲಾಟದ ಸರದಿ ಬಂದಾಗ ರಾತ್ರಿ ಹತ್ತು ದಾಟಿತ್ತು

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದು ಮಗುವಿನಿಂದ ಶುರು ಮಾಡುತ್ತೇನೆ. ಎರಡನೇ ಕ್ಲಾಸಿನ ಹುಡುಗಿ. ಅವತ್ತು ಶಾಲೆಯ ವಾರ್ಷಿಕೋತ್ಸವ. ಮಧ್ಯಾಹ್ನ ಮೂರಕ್ಕೇ ಅವಳ ಮುಖಕ್ಕೆ ಬಣ್ಣ ಹಚ್ಚಿ, ಹಸಿರು ಸೀರೆಯನ್ನು ಕಚ್ಚೆ ಹಾಕಿ ಉಡಿಸಿ, ಸೊಂಟಕ್ಕೆ ಡಾಬು ಕಟ್ಟಿ ಕೂರಿಸಿದ್ದೆವು. ಎಂಟು ಜನರ ಕೋಲಾಟ. ಕೋಲಿಗೆ ಬಣ್ಣದ ಕಾಗದ ಸುತ್ತಿದ್ದು ಅವಳೇ. ಲಿಪ್‌ಸ್ಟಿಕ್ ಅಳಿಸಿ ಹೋಗುತ್ತದೆ ಅಂತ ನೀರು ಕೂಡ ಬೇಡ ಅನ್ನುತ್ತಿದ್ದಳು.

ಕಾರ್ಡಿನಲ್ಲಿ ಸಂಜೆ 6ಕ್ಕೆ ಸಭೆ, 7ಕ್ಕೆ ಮಕ್ಕಳ ಕಾರ್ಯಕ್ರಮ ಅಂತ ಹಾಕಿಸಿದ್ದರು. ಮುಖ್ಯ ಅತಿಥಿ ಬಂದಿದ್ದು ಏಳೂವರೆಗೆ. ಪ್ರಾರ್ಥನೆ, ಸ್ವಾಗತ, ದೀಪ ಹಚ್ಚುವುದು, ಪ್ರಾಸ್ತಾವಿಕ ನುಡಿ, ವರದಿ ವಾಚನ. ಆಮೇಲೆ ಸನ್ಮಾನ, ಆಮೇಲೆ ಭಾಷಣ, ಆಮೇಲೆ ಮತ್ತೊಬ್ಬರ ಭಾಷಣ. ಕೋಲಾಟದ ಹೆಸರು ಕರೆದಾಗ ಹತ್ತು ಗಂಟೆ ಹತ್ತು ನಿಮಿಷ. ಅವಳು ವೇದಿಕೆಯ ಹಿಂದೆ ಜಮಖಾನದ ಮೇಲೆ ಮಲಗಿಬಿಟ್ಟಿದ್ದಳು, ಎರಡೂ ಕೋಲು ಎದೆಗೆ ಅವುಚಿಕೊಂಡು. ಎಬ್ಬಿಸಿದೆ. ಎದ್ದು ನಿಂತಳು, ಕಣ್ಣು ಮಾತ್ರ ಬಿಡಲಿಲ್ಲ. ಹಾಗೇ ನನ್ನ ಹೆಗಲಿಗೆ ಒರಗಿದಳು.

ಏಳೇ ಜನ ಕುಣಿದರು. ಕೋಲಾಟ ಅಂದರೆ ಜೋಡಿ ಆಟ, ಅಲ್ವಾ? ಅವಳ ಜೋಡಿ ಹುಡುಗಿ ಹಾಡು ಮುಗಿಯುವವರೆಗೂ ಗಾಳಿಗೆ ಕೋಲು ಹೊಡೆದಳು. ಕೂಲಿ ಕೆಲಸದಿಂದ ನೇರವಾಗಿ ಬಂದು ನಾಲ್ಕು ಗಂಟೆ ನೆಲದ ಮೇಲೆ ಕೂತಿದ್ದ ಅವಳ ಅಮ್ಮ, ಮಗಳನ್ನು ಎತ್ತಿಕೊಂಡು ಹೋದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ವರ್ಷದ ಕೊನೆಯ ಕಾರ್ಯಕ್ರಮಗಳು ಅಂದರೆ ನನಗೆ ಜೀವ. ಅದಕ್ಕೇ ಈ ಮಾತು ಹೇಳಬೇಕಾಗಿದೆ. ಈ ದಿನಗಳು ಮಕ್ಕಳದ್ದು. ನಾವು ದೊಡ್ಡವರು ಅವನ್ನು ನಮ್ಮದಾಗಿ ಮಾಡಿಕೊಂಡಿದ್ದೇವೆ. ವಾಪಸ್ ಕೊಡಬೇಕು.

ನಮ್ಮ ಕಡೆ ವಾರ್ಷಿಕೋತ್ಸವ ಅನ್ನುತ್ತೇವೆ, ಕರಾವಳಿಯಲ್ಲಿ ಸ್ಕೂಲ್ ಡೇ, ಉತ್ತರ ಕರ್ನಾಟಕದಲ್ಲಿ ಗ್ಯಾದರಿಂಗ್. ಹೆಸರು ಯಾವುದಾದರೂ ಕಾರ್ಡು ಮಾತ್ರ ಒಂದೇ ಥರ. ನಿಮ್ಮ ಮನೆಯಲ್ಲಿ ಹಳೆಯ ಕಾರ್ಡ್ ಇದ್ದರೆ ತೆಗೆದು ನೋಡಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ದಾನಿಗಳು. ನಲವತ್ತು ಹೆಸರು ಇರುತ್ತವೆ. ಅದರಲ್ಲಿ ಒಂದು ಮಗುವಿನ ಹೆಸರು ಹುಡುಕಿ ನೋಡೋಣ. ಸಿಗುವುದಿಲ್ಲ.

ಹೆಡ್‌ಮಾಸ್ಟರನ್ನು ಬೈಯುವುದು ಸುಲಭ. ಆದರೆ ಅವರ ಕಷ್ಟ ನಾನು ಹತ್ತಿರದಿಂದ ಕಂಡಿದ್ದೇನೆ. ಶಾಮಿಯಾನ, ಮೈಕ್ ಸೆಟ್, ಬಹುಮಾನ, ಬಂದವರಿಗೆ ಊಟ, ಇದಕ್ಕೆಲ್ಲಾ ಶಾಲೆಗೆ ಬರುವ ಅನುದಾನ ಸಾಲುವುದಿಲ್ಲ. ಊರಿನಲ್ಲಿ ಕೈಚಾಚಬೇಕು. ಒಬ್ಬರು ಶಾಮಿಯಾನ ಕೊಡುತ್ತಾರೆ, ಒಬ್ಬರು ಅಕ್ಕಿ ಕೊಡುತ್ತಾರೆ, ಇನ್ನೊಬ್ಬರು ನೋಟ್‌ಬುಕ್ ಕೊಡುತ್ತಾರೆ. ಕೊಟ್ಟವರಿಗೆ ಒಂದು ಶಾಲು, ಹಾರ, ಎರಡು ಒಳ್ಳೆಯ ಮಾತು ಸಲ್ಲಬೇಕಾದದ್ದೇ. ಒಂದು ಹೆಸರು ಬಿಟ್ಟುಹೋದರೆ ಮುಂದಿನ ವರ್ಷ ಆ ಮನೆಯ ಬಾಗಿಲು ತಟ್ಟುವುದು ಕಷ್ಟ. ಇದೆಲ್ಲಾ ನಿಜ. ನನ್ನ ತಕರಾರು ಸನ್ಮಾನದ ಮೇಲಲ್ಲ, ಅದರ ಹೊತ್ತಿನ ಮೇಲೆ. ಆರು ವರ್ಷದ ಮಗುವನ್ನು ಕಾಯಿಸಿ ಅರವತ್ತು ವರ್ಷದವರಿಗೆ ಹಾರ ಹಾಕುವುದು ಯಾಕೆ? ಸುಮ್ನೆ ಅದಲು ಬದಲು ಮಾಡಿದರೆ ಸಾಕು. ಮೊದಲು ಮಕ್ಕಳು, ಆಮೇಲೆ ನಾವು.

ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಮೈಕ್ ಹಾಕುವುದೂ ತಪ್ಪೇ. ಸರ್ಕಾರ ವಿನಾಯಿತಿ ಕೊಟ್ಟ ಕೆಲವು ಹಬ್ಬದ ದಿನ ಬಿಟ್ಟರೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದು ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೇ ಹೇಳುತ್ತವೆ. ಮಕ್ಕಳಿಗೆ ನಿಯಮ ಪಾಲಿಸಿ ಅಂತ ಪಾಠ ಮಾಡುವ ಜಾಗ ಅದು.

ಇನ್ನು ಡ್ರೆಸ್ಸಿನ ವಿಷಯ. ಸಿನಿಮಾ ಹಾಡಿಗೆ ಡ್ಯಾನ್ಸ್ ಅಂತ ಗೊತ್ತಾದ ತಕ್ಷಣ ತಾಲ್ಲೂಕಿನಿಂದ ಬಾಡಿಗೆ ಡ್ರೆಸ್ ತರಿಸುತ್ತೇವೆ. ನಾವು ಒಮ್ಮೆ ತರಿಸಿದಾಗ ಒಂದಕ್ಕೆ 300 ರೂಪಾಯಿ ಆಯಿತು. ಮಾರನೇ ದಿನ ಒಬ್ಬ ಹುಡುಗ ಬಂದು, “ನಂಗೆ ಡ್ಯಾನ್ಸ್ ಇಷ್ಟ ಇಲ್ಲ ಮಿಸ್” ಅಂದ. ಸರಿ ಬಿಡು ಅಂದೆ. ಮಧ್ಯಾಹ್ನ ಬಿಸಿಯೂಟ ಮುಗಿಸಿ ಬರುತ್ತಾ ನೋಡಿದರೆ, ಪ್ರಾಕ್ಟೀಸ್ ನಡೆಯುತ್ತಿದ್ದ ಕೋಣೆಯ ಕಿಟಕಿಯ ಹೊರಗೆ ನಿಂತು ಅವನೊಬ್ಬನೇ ಅದೇ ಹೆಜ್ಜೆ ಹಾಕುತ್ತಿದ್ದ. ಒಂದು ಹೆಜ್ಜೆಯೂ ತಪ್ಪಿರಲಿಲ್ಲ.

ಅವತ್ತಿನಿಂದ ನಾನು ಬಾಡಿಗೆ ಡ್ರೆಸ್ ತರಿಸಿಲ್ಲ. ಬೇಕಾಗಿಯೂ ಇಲ್ಲ. ನಮ್ಮ ಮಕ್ಕಳ ಹತ್ತಿರ ವೇದಿಕೆಗೆ ಬೇಕಾದ್ದು ಬೇಕಾದಷ್ಟಿದೆ. ಪ್ರತಿಭಾ ಕಾರಂಜಿ ಸ್ಪರ್ಧೆಗೆ ಅಂತ ಕಂಠಪಾಠ, ಕಥೆ ಹೇಳುವುದು, ಅಭಿನಯ ಗೀತೆ, ಮಣ್ಣಿನ ಮಾದರಿ ಎಲ್ಲಾ ಕಲಿಸಿರುತ್ತೇವೆ. ಗೆದ್ದ ಒಬ್ಬರು ಸುತ್ತಲಿನ ಶಾಲೆಗಳೆಲ್ಲಾ ಸೇರುವ ಕ್ಲಸ್ಟರ್ ಹಂತಕ್ಕೆ ಹೋಗುತ್ತಾರೆ, ಉಳಿದವರ ಕಲಿಕೆಯನ್ನು ಊರು ನೋಡುವುದೇ ಇಲ್ಲ. ಒಂದರಿಂದ ಮೂರನೇ ಕ್ಲಾಸಿನವರಿಗಂತೂ ನಲಿ-ಕಲಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ತುಂಬಾ ಹರಡಿದ ಪದ್ಧತಿ ಅದು. ಆ ಮಕ್ಕಳು ವರ್ಷವಿಡೀ ಹಾಡಿ, ಕುಣಿದು, ಆಡಿಯೇ ಕಲಿಯುತ್ತಾರೆ. ಅದನ್ನೇ ವೇದಿಕೆ ಮೇಲೆ ಹತ್ತು ನಿಮಿಷ ಮಾಡಿಸಿ. ಪ್ರಾಕ್ಟೀಸೂ ಜಾಸ್ತಿ ಬೇಡ. ಯೂನಿಫಾರ್ಮಿನಲ್ಲೇ ಆಗುತ್ತದೆ.

ಮಕ್ಕಳ ಕೈಗೇ ಕೊಟ್ಟರೆ ಏನಾಗುತ್ತದೆ ಅಂತ ನೋಡಬೇಕಾದರೆ ಮಕ್ಕಳ ಸಂತೆಗೆ ಬನ್ನಿ. ವರ್ಷದ ಕೊನೆಯ ಕಾರ್ಯಕ್ರಮಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅದೇ. ಶಾಲೆಯ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಸಾಲಾಗಿ ಕೂರುತ್ತಾರೆ. ಮನೆಯ ಹಿತ್ತಲಿನ ಬಾಳೆಕಾಯಿ, ನಿಂಬೆಹಣ್ಣು, ಸೊಪ್ಪು, ಹಸಿಮೆಣಸಿನಕಾಯಿ. ಒಂದು ಕಡೆ ಮಜ್ಜಿಗೆ, ಪಾನಕ. ಇನ್ನೊಂದು ಕಡೆ ಚುರುಮುರಿ. ಊರಿಗೆ ಊರೇ ಚೀಲ ಹಿಡಿದು ಬರುತ್ತದೆ.

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಇದ್ದ. ಕಳೆಯುವ ಲೆಕ್ಕ ಅಂದರೆ ಬೋರ್ಡ್ ಮುಂದೆ ಕಲ್ಲಿನ ಹಾಗೆ ನಿಲ್ಲುತ್ತಿದ್ದ. ಸೀಮೆಸುಣ್ಣ ಹಿಡಿದ ಬೆರಳು ನಡುಗುತ್ತಿತ್ತು. ಅವನ ಅಂಗಡಿಯಲ್ಲಿ ಮೆಂತ್ಯ ಸೊಪ್ಪು, ನುಗ್ಗೆಕಾಯಿ. ಮೂರು ಕಟ್ಟು ಸೊಪ್ಪಿಗೆ 25, ಒಂದು ಕಟ್ಟು ನುಗ್ಗೆಕಾಯಿಗೆ 10. ಎರಡನ್ನೂ ತಗೊಂಡು ನೂರರ ನೋಟು ಕೊಟ್ಟೆ. ನೋಟು ನೋಡಿದ, ಡಬ್ಬಿಯಲ್ಲಿನ ಚಿಲ್ಲರೆ ನೋಡಿದ. ತಲೆ ಎತ್ತಿ, “ಮಿಸ್, ಐದು ರೂಪಾಯಿ ಇದ್ರೆ ಕೊಡಿ, ಎಪ್ಪತ್ತು ಕೊಡ್ತೀನಿ” ಅಂದ.

ನಾನು ಒಂದು ಕ್ಷಣ ಸುಮ್ಮನೆ ನಿಂತೆ. ಇಡೀ ವರ್ಷ ಈ ಹುಡುಗನಿಗೆ ಲೆಕ್ಕ ಬರುವುದಿಲ್ಲ ಅಂದುಕೊಂಡಿದ್ದೆ. ಮಾರನೇ ದಿನ ಕ್ಲಾಸಿನಲ್ಲಿ ಅದೇ ಲೆಕ್ಕವನ್ನು ಬೋರ್ಡ್ ಮೇಲೆ ಬರೆದು, ಪಕ್ಕದಲ್ಲಿ ರೂಪಾಯಿ ಅಂತ ಸೇರಿಸಿ, ಅವನನ್ನೇ ಕರೆದೆ. ಮಾಡಿದ. ಕೈ ನಡುಗಲಿಲ್ಲ.

ಸಂತೆಯಲ್ಲೂ ಒಂದು ಕೆಟ್ಟ ಅಭ್ಯಾಸ ಬರುತ್ತಿದೆ. ಎಷ್ಟೋ ಕಡೆ ಮಗುವಿನ ಹಿಂದೆ ಅಪ್ಪನೋ ಅಮ್ಮನೋ ಕೂತು ಅವರೇ ವ್ಯಾಪಾರ ಮಾಡುತ್ತಾರೆ. ದಯವಿಟ್ಟು ಬೇಡ. ಐದು ರೂಪಾಯಿ ಲುಕ್ಸಾನಾದರೆ ಆಗಲಿ. ಸಂಜೆ ಮಗುವಿನ ಪಕ್ಕ ಕೂತು ಅಸಲೆಷ್ಟು, ಲಾಭವೆಷ್ಟು ಅಂತ ಬರೆಸಿ. ಆ ಒಂದು ಪುಟ ನೋಟ್‌ಬುಕ್ಕಿನಲ್ಲಿ ಇರಲಿ.

ಏಳನೇ ಕ್ಲಾಸಿನವರ ಬೀಳ್ಕೊಡುಗೆಗೆ ಮಾತ್ರ ನನ್ನ ತಕರಾರೇ ಇಲ್ಲ. ನಮ್ಮಲ್ಲಿ ಆರನೇ ಕ್ಲಾಸಿನವರೇ ಅದನ್ನು ನಡೆಸುತ್ತಾರೆ. ಅತಿಥಿಗಳಿಲ್ಲ, ಮೈಕೂ ಇಲ್ಲ. ಹೋಗುವ ಮಕ್ಕಳು ದುಡ್ಡು ಕೂಡಿಸಿ ಶಾಲೆಗೆ ಒಂದು ಗೋಡೆ ಗಡಿಯಾರ ತಂದುಕೊಡುತ್ತಾರೆ. ಕೆಳಗೆ ಇಸವಿ, ಏಳನೇ ತರಗತಿ ಅಂತ ಬರೆಸಿರುತ್ತಾರೆ. ನಮ್ಮ ಶಾಲೆಯಲ್ಲಿ ಈಗ ಪ್ರತಿ ಕೋಣೆಗೂ ಒಂದು ಗಡಿಯಾರ ಇದೆ, ಬಿಸಿಯೂಟದ ಅಡುಗೆ ಕೋಣೆಯಲ್ಲೂ ಇದೆ. ಮಾತಾಡಲು ಎದ್ದು ನಿಂತ ಹುಡುಗಿಯರು ಎರಡು ಸಾಲು ಹೇಳುವಷ್ಟರಲ್ಲಿ ಅಳುತ್ತಾರೆ, ಕೇಳುವವರೂ ಅಳುತ್ತಾರೆ, ಆಮೇಲೆ ಎಲ್ಲರೂ ಸೇರಿ ಕೇಸರಿಬಾತು ತಿನ್ನುತ್ತಾರೆ. ಏಪ್ರಿಲ್ 10ರ ಹೊತ್ತಿಗೆ ಫಲಿತಾಂಶ, ಮಾರನೇ ದಿನದಿಂದ ಬೇಸಿಗೆ ರಜೆ.

ಇನ್ನು ಏನು ಮಾಡಬಹುದು ಅಂತ ಹೇಳುತ್ತೇನೆ. ಕೋಲಾಟದ ಆ ರಾತ್ರಿ ಆದ ಮೇಲೆ ನಾನು ವಿಷಯವನ್ನು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ತಗೊಂಡು ಹೋದೆ. ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆ ಶಿಫಾರಸು ಮಾಡಿದ ಮೇಲೆ 2001ರಲ್ಲಿ ನಮ್ಮ ರಾಜ್ಯದಲ್ಲಿ ಈ ಸಮಿತಿಗಳು ಬಂದವು. ಇದರಲ್ಲಿ ಮುಖ್ಯವಾಗಿ ಇರುವವರು ಪೋಷಕರು. ಶಾಲೆ ಹೇಗೆ ನಡೆಯಬೇಕು ಅಂತ ಕೇಳುವ ಹಕ್ಕು ಅವರಿಗಿದೆ. ಆದರೆ ಎಷ್ಟೋ ಕಡೆ ಸಹಿ ಹಾಕಲು ಮಾತ್ರ ಅವರನ್ನು ಕರೆಯುತ್ತೇವೆ. ಅವತ್ತು ಸಭೆಯಲ್ಲಿ ಮೊದಲು ಮಾತಾಡಿದ್ದು ಕುರಿ ಸಾಕುವ ಒಬ್ಬ ತಂದೆ. “ನಾವ್ ಬರೋದು ಮಕ್ಕಳನ್ನ ನೋಡೋಕೆ. ಅವರು ಕುಣಿಯೋ ಹೊತ್ತಿಗೆ ನಮಗೂ ನಿದ್ದೆ ಬಂದಿರುತ್ತೆ” ಅಂದರು. ಅಷ್ಟೇ ಸಾಕಾಯಿತು.

ಮೂರು ತೀರ್ಮಾನ ಆದವು. ಕಾರ್ಯಕ್ರಮ ನಾಲ್ಕೂವರೆಗೆ ಶುರು, ಯಾರು ಬರಲಿ ಬಿಡಲಿ. ದಾನಿಗಳ ಸನ್ಮಾನ ಮಕ್ಕಳ ಎರಡು ಐಟಂಗಳ ನಡುವೆ ಒಬ್ಬೊಬ್ಬರಿಗೆ, ಅದೂ ಮಕ್ಕಳ ಕೈಯಿಂದಲೇ. ಭಾಷಣ ಒಂದೇ, ಹತ್ತು ನಿಮಿಷ. ಹೆಡ್‌ಮಾಸ್ಟರಿಗೆ ಭಯ ಇತ್ತು. ದೊಡ್ಡವರು ಬೇಜಾರು ಮಾಡಿಕೊಂಡರೆ ಅಂತ. ಒಬ್ಬರಿಗೆ ಬೇಜಾರಾಯಿತು, ಅವರು ಬರಲಿಲ್ಲ. ಶಾಮಿಯಾನ ಕೊಟ್ಟವರು ಮಾತ್ರ, ಒಂದನೇ ಕ್ಲಾಸಿನ ಹುಡುಗ ಕುರ್ಚಿ ಮೇಲೆ ಹತ್ತಿ ಹಾರ ಹಾಕಿದಾಗ ಅವನನ್ನು ಎತ್ತಿಕೊಂಡು ಮುದ್ದಿಸಿದರು. ಮುಂದಿನ ವರ್ಷದ್ದೂ ನನ್ನದೇ ಅಂತ ಅಲ್ಲೇ ಹೇಳಿದರು.

ಆ ವರ್ಷದ ಕಾರ್ಡಿನ ಹಿಂದಿನ ಪುಟದಲ್ಲಿ ಅರವತ್ತಮೂರು ಹೆಸರು ಹಾಕಿಸಿದೆವು. ಒಂದರಿಂದ ಏಳರವರೆಗೆ ನಮ್ಮ ಶಾಲೆಯ ಅಷ್ಟೂ ಮಕ್ಕಳದ್ದು. ಕಾರ್ಡ್ ಹಂಚಿದ ದಿನ ಪಾಠ ನಡೆಯಲಿಲ್ಲ. ಎಲ್ಲರೂ ಬೆರಳಿಟ್ಟು ತಮ್ಮ ಹೆಸರು ಹುಡುಕುತ್ತಿದ್ದರು, ಆಮೇಲೆ ಪಕ್ಕದವರದ್ದು, ಆಮೇಲೆ ಅಣ್ಣನದ್ದು, ಅಕ್ಕನದ್ದು. ಕೋಲಾಟದ ಹುಡುಗಿ ಆಗ ಮೂರನೇ ಕ್ಲಾಸು. ತನ್ನ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಕಾರ್ಡನ್ನು ಕನ್ನಡ ಪುಸ್ತಕದೊಳಗೆ ಇಟ್ಟುಕೊಂಡಳು.

ಆ ವರ್ಷವೂ ಕೋಲಾಟ ಮಾಡಿಸಿದೆ. ಅವಳ ಅಮ್ಮ ಮಧ್ಯಾಹ್ನದ ಮೇಲೆ ಕೂಲಿಗೆ ರಜೆ ಹಾಕಿ ಬಂದು ಮುಂದೆ ಕೂತಿದ್ದರು. ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಹೆಸರು ಕರೆದರು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಎಂಟೂ ಜನ ಇದ್ದರು.