ವರ್ಷದ ಗುರಿ ಹಾಕುವ ಮುನ್ನ ಕೈಕೆಲಸದ ಹೊತ್ತು ಲೆಕ್ಕ ಹಾಕಿ

ಎಲ್ಲರಿಗೂ ನಮಸ್ಕಾರ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆಯಿಂದೆಲ್ಲ ಬೆಳಗ್ಗೆ ಮನೆಕೆಲಸ ಮುಗಿಸಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದಿದ್ದೀರಿ. ತುಂಬ ಸಂತೋಷ.

ವರ್ಷದ ಗುರಿ ಏನಮ್ಮ ಅಂತ ಕೇಳಿದರೆ, "ಈ ಸಲ ಎರಡು ಲಕ್ಷ ವ್ಯಾಪಾರ ಮಾಡಬೇಕು" ಅನ್ನುತ್ತೀರಿ. ಒಳ್ಳೆಯ ಆಸೆಯೇ. ಆದರೆ ಅದರಲ್ಲಿ ಮನೆಗೆ ಉಳಿಯುವುದು ಎಷ್ಟು? ಅಷ್ಟು ಮಾಡಲು ನಿಮಗೆ ಹೊತ್ತಾದರೂ ಎಲ್ಲಿದೆ?

ರೇಷ್ಮೆಗೂಡಿನ ಹಾರವನ್ನೇ ತೆಗೆದುಕೊಳ್ಳೋಣ. ಚಿಟ್ಟೆ ತೂತು ಮಾಡಿ ಹೊರಬಂದ ಗೂಡು ರೀಲಿಂಗ್‌ಗೆ, ಅಂದರೆ ನೂಲು ಬಿಚ್ಚಿ ಸುತ್ತುವುದಕ್ಕೆ ಬರುವುದಿಲ್ಲ, ಎಳೆ ತುಂಡಾಗಿರುತ್ತದೆ. ಅದನ್ನೇ ನೀವು ಎಸಳಿನ ಹಾಗೆ ಕತ್ತರಿಸಿ, ಬಣ್ಣ ಹಾಕಿ, ಒಣಗಿಸಿ, ಮಣಿ ಜೊತೆ ಪೋಣಿಸುತ್ತೀರಿ. ಒಂದು ಹಾರಕ್ಕೆ ಮೂರು ಗಂಟೆ ಹಿಡಿಯುತ್ತದೆ ಅಂದುಕೊಳ್ಳಿ. ಗೂಡು, ಬಣ್ಣ, ಮಣಿ, ದಾರ, ಡಬ್ಬಿ ಎಲ್ಲ ಸೇರಿ 120 ರೂಪಾಯಿ. ಮಾರುವುದು 350ಕ್ಕೆ. ಉಳಿಯುವುದು 230. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ 24 ದಿನ ಕೂತರೆ 96 ಗಂಟೆ, ಅಂದರೆ 32 ಹಾರ. ಎಲ್ಲವೂ ಮಾರಾಟವಾದರೂ ಕೈಗೆ ಬರುವುದು 7,360. ಇದೇ ಹಾರ, ಇದೇ ಬೆಲೆ ಇಟ್ಟುಕೊಂಡು ತಿಂಗಳಿಗೆ 15,000 ಉಳಿಸುತ್ತೇನೆ ಅಂತ ಗುರಿ ಬರೆದರೆ, ರಾತ್ರಿ ನಿದ್ದೆಗೆಟ್ಟರೂ ಮುಟ್ಟಲು ಆಗುವುದಿಲ್ಲ. ವರ್ಷದ ಕೊನೆಗೆ ನಿಮ್ಮ ಮೇಲೆ ನಿಮಗೇ ಬೇಜಾರು. ತಪ್ಪು ನಿಮ್ಮದಲ್ಲ, ಲೆಕ್ಕದ್ದು.

ಈಗ ಅದೇ ಗೂಡಿನಲ್ಲಿ ತಲೆಗೆ ಮುಡಿಯುವ ಹೂವಿನ ಕ್ಲಿಪ್ ನೋಡಿ. ಇಪ್ಪತ್ತು ನಿಮಿಷದ ಕೆಲಸ, 15 ರೂಪಾಯಿ ಖರ್ಚು, 60ಕ್ಕೆ ಮಾರಾಟ ಅಂದುಕೊಂಡರೆ ಗಂಟೆಗೆ 135 ಉಳಿಯಿತು. ಹಾರದಲ್ಲಿ ಉಳಿದಿದ್ದು ಗಂಟೆಗೆ ಸುಮಾರು 77 ಅಷ್ಟೇ. ಹಾಗಂತ ಬರೀ ಕ್ಲಿಪ್ ಮಾಡಿ ಅನ್ನುತ್ತಿಲ್ಲ. ಅಷ್ಟೇ ಹೊತ್ತಿಗೆ 288 ಕ್ಲಿಪ್ ಆಗುತ್ತವೆ, ತಿಂಗಳಿಗೆ ಅಷ್ಟು ಕೊಳ್ಳುವವರು ಯಾರು? ಹಾಗಾಗಿ ಎರಡೂ ಇರಲಿ. ಯಾವುದು ಎಷ್ಟು ಅಂತ ಬರೆದಿಡಿ, ನಿಜವಾದ ಗುರಿ ಅದೇ. ಹಾರದ ಬೆಲೆ ಏರಿಸುವುದೂ ಗುರಿಯೇ. ನಮ್ಮ ಹೆಣ್ಣುಮಕ್ಕಳು ಸಾಮಾನಿನ ದುಡ್ಡು ಪೈಸೆ ಪೈಸೆ ಲೆಕ್ಕ ಇಡುತ್ತಾರೆ, ಸ್ವಂತ ಕೂಲಿಯನ್ನು ಮಾತ್ರ ಬಿಟ್ಟುಬಿಡುತ್ತಾರೆ. ಅದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಇನ್ನು ವರ್ಷ ಅಂದರೆ ಯಾವುದು? ಸರ್ಕಾರದ ಲೆಕ್ಕ ಏಪ್ರಿಲ್ 1ರಿಂದ ಮಾರ್ಚ್ 31. ಯುಗಾದಿಯೂ ಹೆಚ್ಚುಕಮ್ಮಿ ಆಗಲೇ ಬರುತ್ತದೆ, ಹೊಸ ಪುಸ್ತಕ ಶುರು ಮಾಡಲು ಒಳ್ಳೆಯ ಹೊತ್ತು. ಆದರೆ ಗುರಿಯನ್ನು ಹನ್ನೆರಡು ತಿಂಗಳಿಗೆ ಸಮ ಸಮ ಹಂಚಬೇಡಿ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿ, ಹಿಂದೆಯೇ ಗೌರಿ ಗಣೇಶ, ಆಮೇಲೆ ದಸರಾ, ದೀಪಾವಳಿ. ಆಷಾಢದಲ್ಲಿ ಮಾರಾಟದ ಗುರಿ ಬೇಡ, ಮಾಡಿಡುವ ಗುರಿ ಇರಲಿ. ಬಣ್ಣ ಹಾಕುವ ಕೆಲಸ ಅದಕ್ಕೂ ಮುಂಚೆ, ಬಿಸಿಲಿರುವಾಗಲೇ ಮುಗಿಯಲಿ. ಮೋಡ ಮುಚ್ಚಿದ ದಿನ ಗೂಡು ಬೇಗ ಒಣಗುವುದಿಲ್ಲ, ಗೊತ್ತಲ್ವಾ?

ಸಾಲದ ವಿಷಯವನ್ನೂ ಹೇಳಿಬಿಡುತ್ತೇನೆ. ಕೈಕಸುಬಿನವರಿಗೆ ಅಂತ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಬುಟ್ಟಿ ಚಾಪೆ ಹೆಣೆಯುವವರು, ಗೊಂಬೆ ಮಾಡುವವರು, ಹೂಮಾಲೆ ಕಟ್ಟುವವರು, ಕಲ್ಲು ಕೆತ್ತುವವರು ಸೇರಿ 18 ಕಸುಬುಗಳು ಅದರಲ್ಲಿವೆ. ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ, ಬಡ್ಡಿ ಶೇಕಡ 5, ತೀರಿಸಲು 18 ತಿಂಗಳು. ಬಡ್ಡಿ ಕಮ್ಮಿ, ನಿಜ. ಆದರೆ ಪೂರ್ತಿ ಲಕ್ಷ ತೆಗೆದರೆ ಅಸಲೇ ತಿಂಗಳಿಗೆ 5,500 ದಾಟುತ್ತದೆ. 7,360 ಉಳಿಯುವ ಕಡೆ ಅಷ್ಟು ಕಟ್ಟಿದರೆ ಮನೆ ನಡೆಯುವುದು ಹೇಗೆ? ನಿಮಗೆ ಬೇಕಾದಷ್ಟನ್ನು ಮಾತ್ರ ಕೇಳಿ. ಆ ದುಡ್ಡಿನಿಂದ ಯಾವ ಕೆಲಸದ ಹೊತ್ತು ಉಳಿಯುತ್ತದೆ ಅಂತ ಮೊದಲೇ ನೋಡಿಕೊಳ್ಳಿ.

ಮೂರು ತಿಂಗಳಿಗೊಮ್ಮೆ ಪುಸ್ತಕ ತೆರೆದು ನೋಡಿ. ಓಡದ ಸಾಮಾನಿದ್ದರೆ ಗುರಿ ಬದಲಿಸಿ, ಅದರಲ್ಲಿ ನಾಚಿಕೆ ಏನಿಲ್ಲ.

ಈಗ ಎಲ್ಲರೂ ನೋಟ್‌ಬುಕ್ ತೆಗೆಯಿರಿ. ನೀವು ತಂದಿರುವುದರಲ್ಲಿ ಒಂದೇ ಒಂದು ವಸ್ತುವನ್ನು ಆರಿಸಿಕೊಂಡು ಅದಕ್ಕೆ ಹಿಡಿದ ಹೊತ್ತು, ಆದ ಖರ್ಚು, ಮಾರುವ ಬೆಲೆ ಬರೆಯಿರಿ. ಹಿಂದಿನ ಸಾಲಿನಿಂದ ಶುರು ಮಾಡೋಣ.