ಹುಡುಗನನ್ನು ಅಳೆಯುತ್ತೇವೆ, ತಂಡವನ್ನು ಯಾರು ಅಳೆಯುತ್ತಾರೆ?

ಎಲ್ಲರಿಗೂ ನಮಸ್ಕಾರ.

ಜೂನ್ ತಿಂಗಳು ಬಂತೆಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಪ್ರಿಯರ ಬಾಯಲ್ಲಿ ಒಂದೇ ಮಾತು, ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಬಿಎ ಡ್ರಾಫ್ಟ್. ಕಾಲೇಜಿನಲ್ಲಿ ಮಿಂಚಿದ ಹುಡುಗರಲ್ಲಿ ಯಾರನ್ನು ಯಾವ ತಂಡ ತೆಗೆದುಕೊಳ್ಳುತ್ತದೆ, ಯಾರು ಮುಂದೆ ಬರುತ್ತಾರೆ, ಯಾರ ಕೈಲಿ ಆಗುವುದಿಲ್ಲ ಅಂತ ವಾರಗಟ್ಟಲೆ ವಾದ ನಡೆಯುತ್ತದೆ. ನನಗೂ ಈ ವಾದ ಅಂದರೆ ಪ್ರಾಣ. ಆದರೆ ಇದರಲ್ಲಿ ಒಂದು ದೊಡ್ಡ ಕೊರತೆ ಇದೆ ಅಂತ ನನ್ನ ನಂಬಿಕೆ. ನಾವು ಹುಡುಗನ ಎತ್ತರ ಅಳೆಯುತ್ತೇವೆ, ತೋಳು ಅಳೆಯುತ್ತೇವೆ, ಜಿಗಿತ ಅಳೆಯುತ್ತೇವೆ. ಅವನನ್ನು ಕರೆದುಕೊಂಡು ಹೋಗುವ ತಂಡ ಅವನನ್ನು ಹೇಗೆ ಬೆಳೆಸುತ್ತದೆ ಅಂತ ಯಾರೂ ಅಷ್ಟಾಗಿ ಕೇಳುವುದಿಲ್ಲ. ಜಾತಕ ಮಾತ್ರ ನೋಡಿ, ಅತ್ತೆ ಮನೆ ಹೇಗಿದೆ ಅಂತ ವಿಚಾರಿಸದೆ ಮಗಳನ್ನು ಕೊಟ್ಟ ಹಾಗೆ.

ಡ್ರಾಫ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಐಪಿಎಲ್ ಹರಾಜಿನಂತೆ ಅಲ್ಲ. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. 30 ತಂಡಗಳು, ಎರಡು ಸುತ್ತು, ಒಟ್ಟು ಸುಮಾರು 60 ಹೆಸರು. ಹಿಂದಿನ ವರ್ಷ ಸೋತ ತಂಡಗಳಿಗೆ ಮೊದಲ ಅವಕಾಶ. ಬೇಕೆಂದೇ ಸೋಲಬಾರದು ಅಂತ ಮೇಲಿನ ಜಾಗಗಳಿಗೆ ಲಾಟರಿ ಎತ್ತುತ್ತಾರೆ. 2019ರಲ್ಲಿ ತಂದ ನಿಯಮದಲ್ಲಿ ಅತಿ ಕೆಳಗಿನ ಮೂರು ತಂಡಗಳಿಗೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ಒಂದೇ ಇತ್ತು, ಶೇ 14. 2025ರಲ್ಲಿ ಬರೀ ಶೇ 1.8 ಸಾಧ್ಯತೆ ಇದ್ದ ಡಲ್ಲಾಸ್ ತಂಡಕ್ಕೆ ಲಾಟರಿ ಹೊಡೆಯಿತು. ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲಾಗ್ ಅಲ್ಲಿಗೆ ಹೋದರು.

ಇಲ್ಲಿ ಮುಖ್ಯ ವಿಷಯ ಏನೆಂದರೆ, ಹುಡುಗನಿಗೆ ಆಯ್ಕೆ ಇಲ್ಲ. ಯಾವ ಊರು, ಯಾವ ಕೋಚ್, ಯಾರ ಜೊತೆ ಆಟ, ಯಾವುದೂ ಅವನ ಕೈಯಲ್ಲಿಲ್ಲ. ಮೊದಲ ಸುತ್ತಿನಲ್ಲಿ ಹೋದರೆ ಸಂಬಳ ಕೂಡ ಎಷ್ಟನೆಯವನು ಅನ್ನುವುದರ ಮೇಲೆ ಹೆಚ್ಚುಕಡಿಮೆ ಮೊದಲೇ ನಿಗದಿ. ಎರಡು ವರ್ಷ ಖಾತರಿ. ಮೂರು, ನಾಲ್ಕನೇ ವರ್ಷ ಉಳಿಸಿಕೊಳ್ಳುವುದು, ಬಿಡುವುದು ತಂಡದ ಇಷ್ಟ. ಇಷ್ಟೆಲ್ಲ ತಂಡದ ಕೈಯಲ್ಲಿ ಇಟ್ಟು, ಆಮೇಲೆ ಸೋಲನ್ನು ಮಾತ್ರ ಹುಡುಗನ ತಲೆಗೆ ಕಟ್ಟುತ್ತೇವೆ. ಇದು ನ್ಯಾಯ ಅಲ್ಲ.

ನಾನು ಇವತ್ತು ಮುಖ್ಯವಾಗಿ 2009ರ ಡ್ರಾಫ್ಟ್ ಹಿಡಿದು ಮಾತಾಡುತ್ತೇನೆ. ಅಂದು ಮೊದಲನೆಯವರು ಬ್ಲೇಕ್ ಗ್ರಿಫಿನ್. ಎರಡನೆಯವರು ಹಶೀಮ್ ಥಬೀಟ್. ಮೂರನೆಯವರು ಜೇಮ್ಸ್ ಹಾರ್ಡನ್, ನಾಲ್ಕನೆಯವರು ಟೈರೀಕ್ ಎವನ್ಸ್. ಐದು ಮತ್ತು ಆರು ಎರಡೂ ಮಿನೆಸೋಟ ತಂಡದ ಪಾಲು. ಅವರು ರಿಕಿ ರುಬಿಯೊ ಮತ್ತು ಜಾನಿ ಫ್ಲಿನ್ ಅವರನ್ನು ತೆಗೆದುಕೊಂಡರು. ಇಬ್ಬರೂ ಪಾಯಿಂಟ್ ಗಾರ್ಡ್‌ಗಳು, ಅಂದರೆ ಚೆಂಡು ಹಿಡಿದು ಆಟ ನಡೆಸುವವರು. ಏಳನೆಯವರಾಗಿ ಗೋಲ್ಡನ್ ಸ್ಟೇಟ್ ತಂಡಕ್ಕೆ ಹೋದವರು ಸ್ಟೆಫನ್ ಕರ್ರಿ. ಎಂಟನೇ ಆಯ್ಕೆ ನ್ಯೂಯಾರ್ಕ್ ನಿಕ್ಸ್ ತಂಡದ್ದು. ಕರ್ರಿ ತಮಗೇ ಸಿಗಲಿ ಅಂತ ಕಾಯುತ್ತಿದ್ದ ಅವರ ಅಭಿಮಾನಿಗಳಿಗೆ ಒಂದೇ ಒಂದು ಜಾಗದಲ್ಲಿ ಕೈತಪ್ಪಿತು.

ಕರ್ರಿ ಮೇಲೆ ಆಗ ಇದ್ದ ಅನುಮಾನಗಳು ಸುಮ್ನೆ ಹುಟ್ಟಿದ್ದಲ್ಲ. ಸಣಕಲು ದೇಹ. ಎತ್ತರ ಆರಡಿ ಎರಡು ಮೂರು ಇಂಚು, ಈ ಆಟಕ್ಕೆ ಅದು ಕಮ್ಮಿಯೇ. ಆಡಿದ್ದು ಡೇವಿಡ್‌ಸನ್ ಅನ್ನುವ ಪುಟ್ಟ ಕಾಲೇಜಿನಲ್ಲಿ, ದುರ್ಬಲ ಎದುರಾಳಿಗಳಿರುವ ಲೀಗ್‌ನಲ್ಲಿ. ಆಟ ನಡೆಸುವವನೋ, ಬರೀ ಚೆಂಡು ಎಸೆಯುವವನೋ ಅನ್ನುವುದೂ ಸ್ಪಷ್ಟವಿರಲಿಲ್ಲ. ಅಪ್ಪ ಡೆಲ್ ಕರ್ರಿ ಆಡಿದ್ದ ವರ್ಜೀನಿಯಾ ಟೆಕ್ ಕೂಡ ಮಗನಿಗೆ ಸ್ಕಾಲರ್‌ಶಿಪ್ ಕೊಟ್ಟಿರಲಿಲ್ಲ.

ಕರ್ರಿ ಪರ ವಾದಿಸುವವರು 2008ರ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯನ್ನು ತೋರಿಸುತ್ತಿದ್ದರು. ಗೊನ್ಜಾಗ ವಿರುದ್ಧ 40 ಅಂಕ, ಜಾರ್ಜ್‌ಟೌನ್ ವಿರುದ್ಧ 30, ವಿಸ್ಕಾನ್ಸಿನ್ ವಿರುದ್ಧ 33. ಕೊನೆಗೆ ಕ್ಯಾನ್ಸಸ್ ವಿರುದ್ಧ 59–57ರಲ್ಲಿ ಸೋಲು. ಆ ವರ್ಷದ ಚಾಂಪಿಯನ್ ಅದೇ ಕ್ಯಾನ್ಸಸ್. ದೊಡ್ಡ ಸಾಧನೆ, ಒಪ್ಪುತ್ತೇನೆ. ಆದರೆ ನನ್ನನ್ನು ಕೇಳಿದರೆ, ಕರ್ರಿಯ ಕಾಲೇಜು ಜೀವನದಲ್ಲಿ ನೋಡಲೇಬೇಕಾದ ಪಂದ್ಯ ಇದ್ಯಾವುದೂ ಅಲ್ಲ.

ಅದು 2008ರ ನವೆಂಬರ್‌ನಲ್ಲಿ ನಡೆದದ್ದು. ಎದುರಾಳಿ ಮೇರಿಲ್ಯಾಂಡ್‌ನ ಲೊಯೋಲ. ಅವರ ಕೋಚ್ ಒಂದು ವಿಚಿತ್ರ ನಿರ್ಧಾರ ಮಾಡಿದರು. ಕರ್ರಿ ಹತ್ತಿರ ಚೆಂಡು ಇರಲಿ, ಇಲ್ಲದಿರಲಿ, ಇಡೀ ಪಂದ್ಯ ಇಬ್ಬರು ಅವರನ್ನೇ ಕಾಯಬೇಕು. ಆ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 28.6 ಅಂಕ ಗಳಿಸಿ ದೇಶಕ್ಕೇ ಮೊದಲಿಗರಾದ ಆಟಗಾರ ಅಂದು ಗಳಿಸಿದ್ದು ಸೊನ್ನೆ. ಎಸೆದದ್ದೇ ಮೂರು ಸಲ. ಉಳಿದ ಹೊತ್ತೆಲ್ಲ ಹೋಗಿ ಮೂಲೆಯಲ್ಲಿ ನಿಂತರು. ಇಬ್ಬರು ಎದುರಾಳಿಗಳೂ ಅಲ್ಲೇ ನಿಂತರು. ಮಿಕ್ಕ ಜಾಗದಲ್ಲಿ ಡೇವಿಡ್‌ಸನ್‌ನ ನಾಲ್ವರು, ಲೊಯೋಲದ ಮೂವರು. ಡೇವಿಡ್‌ಸನ್ 78–48ರಲ್ಲಿ ಗೆದ್ದಿತು. 30 ಅಂಕಗಳ ಅಂತರ!

ಅಂಕಪಟ್ಟಿ ಮಾತ್ರ ನೋಡಿದವನಿಗೆ ಅಲ್ಲಿ ಕಾಣುವುದು ಸೊನ್ನೆ. ಆಟ ನೋಡಿದವನಿಗೆ ಕಾಣುವುದು ಬೇರೆ. ಚೆಂಡು ಮುಟ್ಟದೆ, ಬರೀ ನಿಂತಲ್ಲೇ ನಿಂತು ಎದುರಾಳಿಯ ಇಡೀ ಯೋಜನೆಯನ್ನು ಮುರಿಯಬಲ್ಲ ಹುಡುಗ ಇವನು. ದೇಶಕ್ಕೇ ದೊಡ್ಡ ಸ್ಕೋರರ್ ಆಗಿದ್ದೂ ತನಗೆ ಅಂಕ ಬರದಿದ್ದರೆ ಪರವಾಗಿಲ್ಲ, ತಂಡ ಗೆಲ್ಲಲಿ ಅಂದವನು. ಮುಂದೆ ಗೋಲ್ಡನ್ ಸ್ಟೇಟ್ ಚಾಂಪಿಯನ್ ಆದಾಗ ಜಗತ್ತು ಬೆರಗಾಗಿ ನೋಡಿದ್ದು ಇದನ್ನೇ. ಕರ್ರಿ ಕಡೆ ಇಬ್ಬರು ಓಡುತ್ತಾರೆ, ಉಳಿದ ನಾಲ್ವರಿಗೆ ಮೈದಾನ ತೆರೆದುಕೊಳ್ಳುತ್ತದೆ. ಕಾಲೇಜು ಆಟಗಾರನ ಬಗ್ಗೆ ವಾದ ಮಾಡುವಾಗ ನಾನು ಮೊದಲು ಕೇಳುವುದು ಇದನ್ನೇ: ಅವನಿಗೆ ಅತ್ಯಂತ ಚೆನ್ನಾಗಿ ಬರುವ ಒಂದು ವಿದ್ಯೆಯನ್ನು ಎದುರಾಳಿ ಕಿತ್ತುಕೊಂಡ ದಿನ ಅವನು ಏನು ಮಾಡಿದ?

ಹಾಗಾದರೆ ಕರ್ರಿ ಎಲ್ಲಿಗೆ ಹೋಗಿದ್ದರೂ ಇಷ್ಟೇ ದೊಡ್ಡವರಾಗುತ್ತಿದ್ದರಾ? ನನಗೆ ಹಾಗೆ ಅನ್ನಿಸುವುದಿಲ್ಲ. ಮೊದಲ ವರ್ಷ ಅವರಿಗೆ ಸಿಕ್ಕ ಕೋಚ್ ಡಾನ್ ನೆಲ್ಸನ್. ವೇಗವಾಗಿ ಓಡಿ, ಧೈರ್ಯವಾಗಿ ಎಸೆಯಿರಿ ಅನ್ನುವ ಮನುಷ್ಯ. ಹೊಸ ಹುಡುಗನನ್ನು ಬೆಂಚಿನ ಮೇಲೆ ಕೂರಿಸದೆ ಆಡಿಸಿದರು. ಆಮೇಲೆ ಪಾದದ ಕೀಲಿಗೆ ಪೆಟ್ಟಿನ ಮೇಲೆ ಪೆಟ್ಟು ಬಿತ್ತು. 2011–12ರಲ್ಲಿ ಅವರು ಆಡಿದ್ದು ಬರೀ 26 ಪಂದ್ಯ. ಅದೇ ಹೊತ್ತಿಗೆ, 2012ರ ಮಾರ್ಚ್‌ನಲ್ಲಿ, ಅಭಿಮಾನಿಗಳ ಕಣ್ಮಣಿ ಮೊಂಟಾ ಎಲಿಸ್ ಅವರನ್ನು ತಂಡ ಬೇರೆ ಕಡೆ ಕಳಿಸಿತು. ಕೆಲವೇ ದಿನಗಳಲ್ಲಿ ಮಾಲೀಕ ಜೋ ಲೇಕಬ್ ಅಂಗಣದಲ್ಲಿ ಮೈಕ್ ಹಿಡಿದಾಗ ಸ್ವಂತ ಅಭಿಮಾನಿಗಳೇ ಕೂಗಿ ಅವಮಾನಿಸಿದರು. ಆಡುತ್ತಿದ್ದ ನಾಯಕನನ್ನು ಬಿಟ್ಟು, ಕಾಲು ನೋವಿನ ಹುಡುಗನ ಕೈಗೆ ತಂಡ ಕೊಟ್ಟಿರಿ ಅನ್ನುವ ಸಿಟ್ಟು. ಅದೇ ವರ್ಷ ಕರ್ರಿ ಜೊತೆ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರ್ ಒಪ್ಪಂದ ಆಯಿತು. 2015, 2016ರಲ್ಲಿ ಅವರೇ ಲೀಗ್‌ನ ಅತ್ಯುತ್ತಮ ಆಟಗಾರ. ನೋಡಿ, ಡ್ರಾಫ್ಟ್ ರಾತ್ರಿ ಸರಿಯಾದ ಹೆಸರು ಕೂಗಿದ್ದಕ್ಕೆ ಮಾತ್ರ ಇದು ಆಗಲಿಲ್ಲ. ಮೂರು ವರ್ಷದ ನಂತರ ಬೈಸಿಕೊಂಡಾದರೂ ಆ ಹುಡುಗನ ಜೊತೆ ನಿಂತಿದ್ದಕ್ಕೆ ಆಯಿತು.

ಈಗ ಜಾನಿ ಫ್ಲಿನ್ ವಿಷಯಕ್ಕೆ ಬರೋಣ. ಕರ್ರಿಗಿಂತ ಒಂದು ಜಾಗ ಮುಂದೆ ಹೋದವರು ಅಂತ ಇವರ ಹೆಸರನ್ನು ಈಗಲೂ ತಮಾಷೆಗೆ ಬಳಸುತ್ತಾರೆ. ನನಗೆ ಇದು ನೋವು ಕೊಡುತ್ತದೆ. 2009ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಸಿರಕ್ಯೂಸ್ ಮತ್ತು ಕನೆಕ್ಟಿಕಟ್ ವಿಶ್ವವಿದ್ಯಾಲಯಗಳು ಆಡಿದ ಪಂದ್ಯ ಆರು ಸಲ ಹೆಚ್ಚುವರಿ ಅವಧಿಗೆ ಹೋಯಿತು. 40 ನಿಮಿಷದ ಪಂದ್ಯ 70 ನಿಮಿಷ ನಡೆಯಿತು. ಸಿರಕ್ಯೂಸ್‌ನ ಫ್ಲಿನ್ ಅದರಲ್ಲಿ 67 ನಿಮಿಷ ಅಂಗಣದಲ್ಲಿದ್ದರು. ಸಿರಕ್ಯೂಸ್ 127–117ರಲ್ಲಿ ಗೆದ್ದಿತು. ಆ ಹುಡುಗನನ್ನು ಬಯಸಿದ ತಂಡ ಕಣ್ಣು ಮುಚ್ಚಿಕೊಂಡು ಆರಿಸಿತು ಅನ್ನೋಕೆ ಆಗುತ್ತಾ?

ಫ್ಲಿನ್ ಆಟದ ಜೀವಾಳ ವೇಗ. ಜೊತೆಗಾರ ಅಡ್ಡ ನಿಂತು ದಾರಿ ಮಾಡಿಕೊಟ್ಟಾಗ ಅದರ ಪಕ್ಕದಲ್ಲಿ ನುಗ್ಗುವುದು. ಮಿನೆಸೋಟದ ಹೊಸ ಕೋಚ್ ಕರ್ಟ್ ರ‍್ಯಾಂಬಿಸ್ ತಂದದ್ದು ಟ್ರಯಾಂಗಲ್ ಪದ್ಧತಿ. ಅದರಲ್ಲಿ ಪಾಯಿಂಟ್ ಗಾರ್ಡ್ ಚೆಂಡು ಬಿಟ್ಟುಕೊಟ್ಟು ಮೂಲೆಗೆ ಸರಿಯಬೇಕು. ಹೀಗಿದ್ದೂ ಫ್ಲಿನ್ ಮೊದಲ ವರ್ಷ ಪಂದ್ಯಕ್ಕೆ ಸುಮಾರು 13 ಅಂಕ ಗಳಿಸಿದರು. ಮರುವರ್ಷ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ. ಆ ಹಳೆಯ ವೇಗ ವಾಪಸ್ ಬರಲೇ ಇಲ್ಲ. ಮೂರೇ ಸೀಸನ್‌ಗಳಲ್ಲಿ ಎನ್‌ಬಿಎ ಆಟ ಮುಗಿಯಿತು. ಇದರಲ್ಲಿ ಅವರ ತಪ್ಪು ಯಾವುದು, ಹೇಳಿ?

ಎರಡನೆಯವರಾಗಿ ಮೆಂಫಿಸ್‌ಗೆ ಹೋದ ಥಬೀಟ್ ಅವರದ್ದು ಇನ್ನೊಂದು ಪಾಠ. ತಾಂಜಾನಿಯಾದವರು, ಏಳಡಿ ಮೂರಿಂಚು ಎತ್ತರ. ಬಾಸ್ಕೆಟ್‌ಬಾಲ್ ಹಿಡಿದದ್ದೇ ಹದಿಹರೆಯದಲ್ಲಿ. ಕನೆಕ್ಟಿಕಟ್ ಪರ ಬಾಸ್ಕೆಟ್ ಕೆಳಗೆ ನಿಂತು, ಬಂದ ಬಂದ ಚೆಂಡನ್ನೆಲ್ಲ ತಡೆದು ಹೆಸರು ಮಾಡಿದರು. ಇಲ್ಲೊಂದು ನಿಯಮದ ಸೂಕ್ಷ್ಮ ಇದೆ. ಕಾಲೇಜು ಆಟದಲ್ಲಿ ರಕ್ಷಣೆಯ ಆಟಗಾರ ಬಾಸ್ಕೆಟ್ ಕೆಳಗೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಎನ್‌ಬಿಎಯಲ್ಲಿ ಹತ್ತಿರದಲ್ಲಿ ಯಾರನ್ನೂ ಕಾಯದೆ ಮೂರು ಸೆಕೆಂಡಿಗಿಂತ ಜಾಸ್ತಿ ಅಲ್ಲಿ ನಿಲ್ಲುವ ಹಾಗಿಲ್ಲ. ಅಂದರೆ ಅವರ ಶಕ್ತಿಯ ಅರ್ಧ ಭಾಗ ನಿಯಮದಲ್ಲೇ ಹೋಯಿತು. ಇದು ಡ್ರಾಫ್ಟ್‌ಗೆ ಮೊದಲೇ ಎಲ್ಲರಿಗೂ ಗೊತ್ತಿದ್ದ ವಿಷಯ. ಇನ್ನೂ ಕಲಿಯಬೇಕಾದ ಹುಡುಗನಿಗೆ ಆಡಲು ಹೊತ್ತು ಬೇಕು. ಮೆಂಫಿಸ್‌ನಲ್ಲಿ ಅವರ ಜಾಗದಲ್ಲಿ ಆಗಲೇ ಮಾರ್ಕ್ ಗಸೋಲ್ ಇದ್ದರು. 2010ರ ಫೆಬ್ರವರಿಯಲ್ಲಿ ಥಬೀಟ್ ಅವರನ್ನು ಎನ್‌ಬಿಎಗೆ ಹುಡುಗರನ್ನು ತಯಾರು ಮಾಡುವ ಕೆಳಗಿನ ಲೀಗ್‌ಗೆ ಕಳಿಸಿದರು, 2011ರ ಫೆಬ್ರವರಿಯಲ್ಲಿ ಹ್ಯೂಸ್ಟನ್‌ಗೆ ಸಾಗಹಾಕಿದರು. ಎರಡು ವರ್ಷ ಕೂಡ ತಾಳ್ಮೆ ಇಲ್ಲದವರು ಕಲಿಯಲು ಐದು ವರ್ಷ ಬೇಕಾದ ಹುಡುಗನನ್ನು ಯಾಕೆ ಆರಿಸಿದರು? ಈ ಆಯ್ಕೆ ತಪ್ಪು ಅಂತ ನಾನೂ ಹೇಳುತ್ತೇನೆ. ಆದರೆ ತಪ್ಪು ಮೆಂಫಿಸ್‌ನದ್ದು.

ಅದೇ ರಾತ್ರಿ 46ನೆಯವರಾಗಿ ಹೋದವರು ಡ್ಯಾನಿ ಗ್ರೀನ್. ನಾರ್ತ್ ಕೆರೊಲೈನಾದಲ್ಲಿ ನಾಲ್ಕು ವರ್ಷ ಆಡಿ, ಅಲ್ಲೇ ಕಾಲೇಜು ಚಾಂಪಿಯನ್ ಆದವರು. ಆರಿಸಿದ ಕ್ಲೀವ್‌ಲ್ಯಾಂಡ್ ಒಂದೇ ವರ್ಷಕ್ಕೆ ಬಿಟ್ಟಿತು. ಸ್ಯಾನ್ ಆಂಟೋನಿಯೊ ಕೂಡ ಒಮ್ಮೆ ಕೈಬಿಟ್ಟು, ಮತ್ತೆ ಕರೆಯಿತು. ಅಲ್ಲಿ ಅವರಿಗೆ ಕೊಟ್ಟ ಕೆಲಸ ಚಿಕ್ಕದು, ಸ್ಪಷ್ಟವಾದದ್ದು. ದೂರದಿಂದ ಎಸೆ, ಎದುರಾಳಿಯ ಒಳ್ಳೆಯ ಗಾರ್ಡ್ ಅನ್ನು ಕಾಯಿ. 2014ರಲ್ಲಿ ಅಲ್ಲಿ, 2019ರಲ್ಲಿ ಟೊರಾಂಟೊದಲ್ಲಿ, 2020ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಜೊತೆ, ಒಟ್ಟು ಮೂರು ಚಾಂಪಿಯನ್‌ಶಿಪ್. ಮೊದಲ ವರ್ಷದ ಕೊನೆಯಲ್ಲಿ ನಾವು ವಾದ ಮುಗಿಸಿದ್ದರೆ ಇವರು ಲೆಕ್ಕಕ್ಕೇ ಇರುತ್ತಿರಲಿಲ್ಲ. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಸಿಕ್ಕಿದ್ದು ಟೈರೀಕ್ ಎವನ್ಸ್‌ಗೆ. ಕರ್ರಿ ಎರಡನೆಯವರು. ಗ್ರಿಫಿನ್ ಮಂಡಿ ಚಿಪ್ಪಿನ ಗಾಯದಿಂದ ಇಡೀ ವರ್ಷ ಆಡಿರಲೇ ಇಲ್ಲ.

ಇಲ್ಲಿ ಯಾರಾದರೂ ಕೇಳಬಹುದು: ಮೈಕಲ್ ಜೋರ್ಡನ್ ಎಲ್ಲಿಗೆ ಹೋಗಿದ್ದರೂ ಜೋರ್ಡನ್ ಆಗುತ್ತಿರಲಿಲ್ವಾ? ಬಹುಶಃ ಆಗುತ್ತಿದ್ದರು. ಅಂಥವರು ದಶಕಕ್ಕೆ ಒಬ್ಬಿಬ್ಬರು. ನನ್ನ ಮಾತು ಉಳಿದ ನೂರಾರು ಹುಡುಗರ ಬಗ್ಗೆ. 1984ರಲ್ಲಿ ಪೋರ್ಟ್‌ಲ್ಯಾಂಡ್ ಜೋರ್ಡನ್ ಅವರನ್ನು ಬಿಟ್ಟು ಸ್ಯಾಮ್ ಬೋವಿ ಅವರನ್ನು ಆರಿಸಿದ್ದೂ ಒಂದು ರೀತಿಯಲ್ಲಿ ತಂಡವನ್ನು ನೋಡಿಯೇ. ಜೋರ್ಡನ್ ಜಾಗದಲ್ಲಿ ಕ್ಲೈಡ್ ಡ್ರೆಕ್ಸ್‌ಲರ್ ಇದ್ದಾರೆ, ನಮಗೆ ಬಾಸ್ಕೆಟ್ ಹತ್ತಿರ ಆಡುವ ಎತ್ತರದ ಸೆಂಟರ್ ಬೇಕು ಅಂದರು. ಕಾಲಿನ ಗಾಯದಿಂದ ಬೋವಿ ಕಾಲೇಜಿನಲ್ಲಿ ಎರಡು ಸೀಸನ್ ಕಳೆದುಕೊಂಡಿದ್ದರೂ ಆರಿಸಿದರು. ತಂಡವನ್ನು ನೋಡುವುದು ಅಂದರೆ ಖಾಲಿ ಕುರ್ಚಿ ಎಲ್ಲಿದೆ ಅಂತ ಹುಡುಕುವುದಲ್ಲ. ಬಂದವನಿಗೆ ಕಲಿಸುವವರು ಯಾರು, ತಪ್ಪು ಮಾಡಿದಾಗ ಎಷ್ಟು ದಿನ ತಡೆದುಕೊಳ್ಳುತ್ತಾರೆ, ಅವನಿಗೆ ಬರುವ ಆಟ ಆಡಲು ಬಿಡುತ್ತಾರಾ ಅಂತ ನೋಡುವುದು.

ಈಚೆಗೆ ಒಂದು ಒಳ್ಳೆಯ ಬದಲಾವಣೆ ಆಗಿದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಪಡೆಯಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಹಾಗಾಗಿ ಎರಡನೇ ಸುತ್ತಿನಲ್ಲಿ ಹೋಗಬಹುದಾದ ಎಷ್ಟೋ ಹುಡುಗರು ಅವಸರಪಡದೆ ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿಯುತ್ತಿದ್ದಾರೆ. ಇಷ್ಟವಿಲ್ಲದ ಕೋಚ್ ಇದ್ದರೆ ಬೇರೆ ಕಾಲೇಜಿಗೆ ಹೋಗುತ್ತಿದ್ದಾರೆ. ಡ್ರಾಫ್ಟ್ ಕೊಡದ ಆಯ್ಕೆ ಅವರಿಗೆ ಇಲ್ಲಿ ಸಿಕ್ಕಿದೆ. ಕಾಲೇಜು ಆಟ ಹಾಳಾಯಿತು ಅಂತ ಗೊಣಗುವವರ ಜೊತೆ ನಾನು ಸೇರುವುದಿಲ್ಲ.

ಕೊನೆಯದಾಗಿ ನಮ್ಮ ದೇಶದ ಮಾತು. 2015ರಲ್ಲಿ ಪಂಜಾಬಿನ ಹಳ್ಳಿಯೊಂದರ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ 52ನೆಯವರಾಗಿ ಆರಿಸಿತು. ಡ್ರಾಫ್ಟ್ ಆದ ಮೊದಲ ಭಾರತೀಯ. ಎಂಥ ಸಂಭ್ರಮ ಪಟ್ಟೆವು! ಏಳಡಿ ಎರಡಿಂಚು ಎತ್ತರ ಅಂತ ಬರೆದೆವು, ಪತ್ರಿಕೆಗಳಲ್ಲಿ ಫೋಟೊ ನೋಡಿದೆವು. ಅವರು ಅಮೆರಿಕದ ಕಾಲೇಜಿನಲ್ಲಿ ಆಡಿರಲಿಲ್ಲ. ಫ್ಲೋರಿಡಾದ ಅಕಾಡೆಮಿಯಿಂದ ನೇರವಾಗಿ ಬಂದವರು. ಕಾಲೇಜಿನ ಮೂರು ನಾಲ್ಕು ವರ್ಷದಲ್ಲಿ ಸಿಗುವ ದೊಡ್ಡ ಪಂದ್ಯಗಳ ಅನುಭವ ಅವರಿಗೆ ಸಿಕ್ಕಿರಲಿಲ್ಲ. ಕೆಳಗಿನ ಲೀಗ್‌ನಲ್ಲಿ ಟೆಕ್ಸಸ್ ಲೆಜೆಂಡ್ಸ್ ಪರ ಆಡಿದರು. ಎನ್‌ಬಿಎ ಅಂಗಣಕ್ಕೆ ಇಳಿಯಲು ಆಗಲಿಲ್ಲ. ಅವರು ಗೆಲ್ಲಲಿಲ್ಲ ಅಂತ ಬೇಗ ಮರೆತೂ ಬಿಟ್ಟೆವು.

ಮುಂದಿನ ಭಾರತೀಯ ಹುಡುಗನ ಹೆಸರು ಕೂಗಿದ ದಿನ, ಆ ಹುಡುಗ ಬೆಂಗಳೂರಿನವನೇ ಆಗಿರಲಿ, ಲುಧಿಯಾನದವನೇ ಆಗಿರಲಿ, ಅವನ ಎತ್ತರ ಎಷ್ಟು ಅಂತ ಕೇಳುವ ಮೊದಲು ಬೇರೆ ಪ್ರಶ್ನೆ ಕೇಳಿ. ಕೆಳಗಿನ ಲೀಗ್‌ನಲ್ಲಿ ಅವನನ್ನು ದಿನಕ್ಕೆ ಎಷ್ಟು ನಿಮಿಷ ಆಡಿಸುತ್ತಾರೆ? ಅವನ ಜೊತೆ ಬೆಳಿಗ್ಗೆ ಅಭ್ಯಾಸಕ್ಕೆ ನಿಲ್ಲುವ ಕೋಚ್ ಯಾರು? ಆ ಕೋಚ್ ಮುಂದಿನ ವರ್ಷವೂ ಅಲ್ಲೇ ಇರುತ್ತಾರಾ?

ಇಷ್ಟು ಹೊತ್ತು ಕೇಳಿದ್ದಕ್ಕೆ ವಂದನೆಗಳು. ನನ್ನ ಮಾತು ಒಪ್ಪದವರು ದಯವಿಟ್ಟು ಮೊದಲು ಕೈ ಎತ್ತಿ.